ಬಾಯ್ಲರಿನ ಮುಳ್ಳು ಹೇಳುವ ಸುಳ್ಳು

ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆಗೆ ಮಾಪಕದ ಹಂಗಿಲ್ಲ. ಬಾಯಿ ತೆರೆದ ಪಾತ್ರೆಯಾದುದರಿಂದ ನೀರು ಎಷ್ಟು ಕುದಿದರೂ ಉಷ್ಣತೆ 100 ಡಿಗ್ರಿ ಸೆಂಟಿಗ್ರೇಡನ್ನು ಮೀರದು. ಅಮೆರಿಕದಂಥ ಶೀತದೇಶಗಳಲ್ಲಿ ಕೊಠಡಿಗಳನ್ನು ಬೆಚ್ಚಗಿಡುವ ಬಾಯ್ಲರಿನ ಸಂಗತಿಯೇ ಬೇರೆ. ಅಲ್ಲಿ ನೀರು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. 10 ಡಿಗ್ರಿಯ ನೀರನ್ನು 80 ಡಿಗ್ರಿಗೆ ಕಾಯಿಸಿದರೆ ಅದು ನೂರಕ್ಕೆ ಸುಮಾರು 3 ಪಾಲು ಹಿಗ್ಗುತ್ತದೆ. ಎಡೆ ಸಿಕ್ಕದಿದ್ದರೆ ಒತ್ತಡ ಏರಲೇಬೇಕು. ಒತ್ತಡ ಏರಿದಂತೆ ಕುದಿಬಿಂದುವೂ ಏರುತ್ತದೆ. ಗೇಜು 30 ಪೌಂಡು ತೋರಿಸುವಾಗ ಅದು ಸುಮಾರು 134 ಡಿಗ್ರಿ. ಅಷ್ಟು ಕಾದ ನೀರು ಒಮ್ಮೆಲೇ ಹೊರಬಿದ್ದರೆ ಅದರ ಒಂದು ಪಾಲು ಕ್ಷಣದಲ್ಲಿ ಹಬೆಯಾಗಿ ಸಿಡಿಯುತ್ತದೆ. ಇಂಥಲ್ಲಿ ಗೇಜಿನ ಮುಳ್ಳು ಸುಳ್ಳು ಹೇಳಿದರೆ ಮನೆಯವರ ಗತಿಯೇನು?

ಒತ್ತಡದ ಗೇಜಿನ ಒಳಗಿರುವುದು ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ. ಚಪ್ಪಟೆಯಾದ ಲೋಹದ ನಳಿಗೆಯೊಂದನ್ನು ಕುಡುಗೋಲಿನಂತೆ ಬಾಗಿಸಿ ಅದರ ತುದಿಯನ್ನು ಮುಚ್ಚಿರುತ್ತಾರೆ. ಒಳಗೆ ನೀರು ಒತ್ತಿದಾಗ ನಳಿಗೆ ಉಬ್ಬಿ, ಬಾಗು ತುಸು ಬಿಚ್ಚಿಕೊಳ್ಳುತ್ತದೆ. ಸಣ್ಣ ಹಲ್ಲುಗಾಲಿಗಳು ಆ ಅಲ್ಪ ಚಲನೆಯನ್ನು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಎಷ್ಟು ಸರಳ! ಆದರೆ ಹೋಗುವ ರಂಧ್ರ ಕಿರಿದು. ತುಕ್ಕು, ಗಸಿ ಕಟ್ಟಿಕೊಂಡರೆ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. ಮಿತಿಮೀರಿದ ಒತ್ತಡವನ್ನು ಒಮ್ಮೆ ಸಹಿಸಿದ ನಳಿಗೆಯಂತೂ ಮತ್ತೆ ಮೊದಲಿನ ಬಾಗಿಗೆ ಮರಳುವುದಿಲ್ಲ.

ತಪ್ಪನ್ನು ಹಿಡಿಯಲು ಮೊದಲು ಸರಿಯಾದ ಅಂಕಿ ತಿಳಿದಿರಬೇಕು. ಒಂದು ಪೌಂಡು ಒತ್ತಡ ನೀರನ್ನು 2.31 ಅಡಿ ಎತ್ತುತ್ತದೆ. ಅತ್ಯಂತ ಮೇಲಿನ ರೇಡಿಯೇಟರು ಗೇಜಿಗಿಂತ 18 ಅಡಿ ಎತ್ತರದಲ್ಲಿದ್ದರೆ ಸುಮಾರು 8 ಪೌಂಡು ಬೇಕು. ಮೇಲೆ 4 ಪೌಂಡು ಹೆಚ್ಚಿಗೆ ಇಟ್ಟುಕೊಂಡರೆ 12. ಎರಡಂತಸ್ತಿನ ಮನೆಯಲ್ಲಿ ತಣ್ಣಗಿರುವಾಗ 12 ಪೌಂಡು ಇರಲಿ ಎನ್ನುವ ವಾಡಿಕೆಯ ಲೆಕ್ಕ ಇದೇ.

ಈಗ ಪರೀಕ್ಷೆ. ಬಾಯ್ಲರು ತಣ್ಣಗಿದ್ದಾಗಲೂ ಕಾದಾಗಲೂ ಮುಳ್ಳು ಒಂದಿಷ್ಟೂ ಅಲುಗದಿದ್ದರೆ ರಂಧ್ರ ಕಟ್ಟಿದೆಯೆಂದು ಶಂಕಿಸಬಹುದು. ಅಲುಗುತ್ತದೆ, ಆದರೆ ಅಂಕಿ ನಂಬುವಂತಿಲ್ಲ ಎಂದಾದರೆ, ಬೆಂಕಿ ಆರಿಸಿ, ನೀರು ತಣಿದ ಮೇಲೆ, ಕೆಳಗಿನ ನೀರು ಬಿಡುವ ನಲ್ಲಿಗೆ ಬೇರೊಂದು ಒಳ್ಳೆಯ ಗೇಜನ್ನು ತಿರುಪಿ ಎರಡನ್ನೂ ಹೋಲಿಸಬೇಕು. ನಲ್ಲಿ ಒಂದಡಿ ಕೆಳಗಿದ್ದರೆ ಅರ್ಧ ಪೌಂಡಿಗೆ ತುಸು ಕಡಮೆ ವ್ಯತ್ಯಾಸ ಬರುವುದು ಸಹಜ, ಅದನ್ನು ದೋಷವೆನ್ನಕೂಡದು. ಗಾಜನ್ನು ಬೆರಳಿನಿಂದ ತಟ್ಟಿ ಮುಳ್ಳು ಸರಿಹೋಯಿತೆಂದು ತೃಪ್ತರಾಗುವವರೂ ಉಂಟು. ತಟ್ಟಿದಾಗ ಜಿಗಿಯುವ ಮುಳ್ಳು ನಾಳೆ ಮತ್ತೆ ಸಿಕ್ಕಿಕೊಳ್ಳುವುದು. ಅಂಥ ಗೇಜನ್ನು ಬದಲಾಯಿಸುವುದೇ ಲೇಸು.

ಉಷ್ಣತೆಯ ಮುಳ್ಳನ್ನು ಪರೀಕ್ಷಿಸಲು ಬಾಯ್ಲರಿನಿಂದ ಹೊರಡುವ ಕೊಳವೆಗೆ ಉಷ್ಣಮಾಪಕವೊಂದನ್ನು ಒತ್ತಿ ಕಟ್ಟಿದರೆ ಸಾಕು. ಅದು ನೀರಿಗಿಂತ ಕೆಲವು ಡಿಗ್ರಿ ಕಡಮೆ ತೋರಿಸೀತು; ಇಪ್ಪತ್ತು ಮೂವತ್ತು ಡಿಗ್ರಿ ಅಂತರ ಕಂಡರೆ ಮಾತ್ರ ಗೇಜನ್ನು ಅನುಮಾನಿಸಬೇಕು.

ಇನ್ನು, ಗೇಜು ನಿಜವನ್ನೇ ನುಡಿಯುತ್ತಿದ್ದು ನಾವೇ ನಂಬದಿರುವುದೂ ಉಂಟು. ನೀರು ಕಾದಾಗಲೆಲ್ಲ ಮುಳ್ಳು 30ರತ್ತ ಓಡಿ, ಆ ಅಂಕಿಗೆ ತೆರೆಯುವಂತೆ ಇಟ್ಟ ರಕ್ಷಣಾ ಕವಾಟವೂ ತೊಟ್ಟಿಕ್ಕುತ್ತಿದ್ದರೆ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದಂತಾಯಿತು. ಆಗ ಗೇಜನ್ನು ಬಿಟ್ಟು, ಹಿಗ್ಗಿದ ನೀರಿಗೆ ಎಡೆಕೊಡುವ ತೊಟ್ಟಿಯಲ್ಲಿ ಗಾಳಿ ಉಳಿದಿದೆಯೇ ಎಂದು ನೋಡಬೇಕು. ತಣ್ಣಗಿರುವಾಗಲೂ ಒತ್ತಡ ಮೆಲ್ಲಗೆ ಏರುತ್ತಿದ್ದರೆ ನೀರು ತುಂಬುವ ಕವಾಟ ಸೋರುತ್ತಿರಬಹುದು. ತೊಟ್ಟಿಕ್ಕುವ ರಕ್ಷಣಾ ಕವಾಟಕ್ಕೆ ಬಿರಡೆ ಜಡಿಯುವುದು ಮಾತ್ರ ಸರ್ವಥಾ ಸಲ್ಲದು. ಬೆಂಕಿ ಆರಿಸಿ ಬಲ್ಲ ಮೆಕ್ಯಾನಿಕನನ್ನು ಕರೆಸಬೇಕು.