ಹದಿನೆಂಟು ಸಾವಿರಕ್ಕೆ ಯಾವ ರಿಪೇರಿ ಮೊದಲು? ‘ಕೆಲಸ ಮತ್ತು ಶಕ್ತಿ’ ಘಟಕದ ಒಂದು ಪಾಠಾನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಕಂಕನಾಡಿಯ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಬೋಧಿಸುವ ಜವಾಬ್ದಾರಿ ನನಗೆ ಬಂದಿತ್ತು. ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ, ಶಕ್ತಿ ಸಂರಕ್ಷಣೆಯ ನಿಯಮ ಇಷ್ಟನ್ನೂ ಮಕ್ಕಳು ಬೇಗ ಕಲಿತರು. ದ್ರವ್ಯರಾಶಿ, ವೇಗ ಕೊಟ್ಟರೆ ಸೂತ್ರದಲ್ಲಿ ಆದೇಶಿಸಿ ಉತ್ತರ ತೆಗೆಯುತ್ತಿದ್ದರು. ಆದರೆ ಬಂದ ಉತ್ತರವನ್ನು ಇಟ್ಟುಕೊಂಡು ಯಾರಾದರೂ ಏನನ್ನಾದರೂ ತೀರ್ಮಾನಿಸಬೇಕಾದ ಸಂದರ್ಭ ಪಠ್ಯದ ಲೆಕ್ಕಗಳಲ್ಲಿ ಕಡಿಮೆ. ಹಾಗಾಗಿ ಘಟಕದ ಕೊನೆಯ ಎರಡು ಅವಧಿಗಳನ್ನು ನಿಜವಾದ ಒಂದು ತೀರ್ಮಾನಕ್ಕೆ ಮೀಸಲಿಟ್ಟೆ. ತುಂಬಾ ಓಡಿದ ಹಳೆಯ ಕಾರಿಗೆ ಗ್ಯಾರೇಜಿನವರು ಉದ್ದದ ಪಟ್ಟಿ ಕೊಟ್ಟಿದ್ದಾರೆ. ಕೈಯಲ್ಲಿರುವ ಹಣ ಅರ್ಧಕ್ಕೂ ಸಾಲದು. ಯಾವುದನ್ನು ಮೊದಲು ಮಾಡಿಸಬೇಕು?

ಕಾರು ಪಾಠಕ್ಕಾಗಿ ಕಲ್ಪಿಸಿದ್ದಲ್ಲ. ಕೊಟ್ಟಿಗೆಹಾರದ ಸಮೀಪ ಇರುವ ನನ್ನ ಸೋದರಮಾವನದು. 2011ರ ಆಲ್ಟೊ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು, 1,42,000 ಕಿ.ಮೀ. ಓಡಿದೆ. ಅವರು ತಿಂಗಳಿಗೊಮ್ಮೆ ಅಜ್ಜಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು, ಉಜಿರೆ, ಬೆಳ್ತಂಗಡಿ, ಬಿ.ಸಿ.ರೋಡ್, ಪಂಪ್‌ವೆಲ್ ದಾಟಿ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ಬರುತ್ತಾರೆ. ಬಸ್ಸಿನಲ್ಲಿ ಅಷ್ಟು ದೂರ ಕೂರಲು ಅಜ್ಜಿಗೆ ಆಗುವುದಿಲ್ಲ. ಮಳೆಗಾಲಕ್ಕೆ ಮೊದಲು ಮಾವ ಹೊಂದಿಸಬಲ್ಲ ಮೊತ್ತ 18,000 ರೂಪಾಯಿ. ಅವರ ಒಪ್ಪಿಗೆ ಪಡೆದು ಅಂದಾಜು ಪಟ್ಟಿಯನ್ನು ಇದ್ದ ಹಾಗೆಯೇ ಮಕ್ಕಳ ಕೈಗೆ ಕೊಟ್ಟೆ. ಎ.ಸಿ. ಕಂಪ್ರೆಸರ್ ಮತ್ತು ಗ್ಯಾಸ್ 11,500, ಬಾಗಿಲಿನ ತುಕ್ಕು ತೆಗೆದು ಪೇಂಟ್ 7,500, ಕ್ಲಚ್ ಸೆಟ್ 6,800, ಎರಡು ಟಯರ್ 6,000, ಮುಂದಿನ ಶಾಕ್ ಅಬ್ಸಾರ್ಬರ್ ಜೋಡಿ 5,200, ಬ್ರೇಕ್ ಪ್ಯಾಡ್ ಮತ್ತು ಹಿಂದಿನ ಶೂ 3,500, ಟೈಮಿಂಗ್ ಬೆಲ್ಟ್ 3,200, ಬಾಲ್ ಜಾಯಿಂಟ್ 2,400, ರೇಡಿಯೇಟರ್ ಹೋಸ್ ಮತ್ತು ಕೂಲಂಟ್ 1,600, ಎಂಜಿನ್ ಗ್ಯಾಸ್ಕೆಟ್ 1,100, ಬ್ರೇಕ್ ಎಣ್ಣೆ ಬದಲಾವಣೆ 800, ವೈಪರ್ 600. ಒಟ್ಟು 50,200.

ತರಗತಿಯಲ್ಲಿ 36 ಮಕ್ಕಳು, ಆರು ಗುಂಪು. ಮೊದಲ ಹತ್ತು ನಿಮಿಷ ನಾನು ಏನನ್ನೂ ವಿವರಿಸಲಿಲ್ಲ. 18,000ದೊಳಗೆ ನಿಮ್ಮ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಒಂದು ವಾಕ್ಯದ ಕಾರಣ ಬರೆಯಿರಿ ಎಂದಷ್ಟೇ ಹೇಳಿದೆ. ತುಳು, ಕೊಂಕಣಿ, ಬ್ಯಾರಿ ಎಲ್ಲದರಲ್ಲೂ ಚರ್ಚೆ ನಡೆಯಿತು. ಕಾರಣವನ್ನು ಮಾತ್ರ ಕನ್ನಡದಲ್ಲಿ ಬರೆಯಬೇಕಿತ್ತು. ಹೀಗೆ ಬಿಟ್ಟದ್ದರಿಂದ ಮಾತು ಸಲೀಸಾಯಿತು ಎಂಬುದು ನನ್ನ ಗಮನಕ್ಕೆ ಬಂದ ಸಂಗತಿ.

ಬ್ರೇಕ್ ಪ್ಯಾಡ್ ಆರೂ ಗುಂಪಿನಲ್ಲಿ ಮೊದಲ ಸ್ಥಾನದಲ್ಲಿತ್ತು. ಅದು ನಿರೀಕ್ಷಿತವೇ. ಕುತೂಹಲದ ವಿಷಯ ಅದರ ಕೆಳಗಿನದ್ದು. ನಾಲ್ಕು ಗುಂಪುಗಳು 800 ರೂಪಾಯಿಯ ಬ್ರೇಕ್ ಎಣ್ಣೆಯನ್ನು ಹೊಡೆದುಹಾಕಿದ್ದವು. ಕಾರಣದ ಸಾಲಿನಲ್ಲಿ ‘ಎಣ್ಣೆ ಇದೆ, ಸೋರುತ್ತಿಲ್ಲ’ ಎಂದಿತ್ತು. ಬಾಲ್ ಜಾಯಿಂಟ್ ಎಂದರೇನೆಂದು ಗೊತ್ತಿಲ್ಲದೆ ಮೂರು ಗುಂಪುಗಳು ಬಿಟ್ಟಿದ್ದವು. ಶಾಕ್ ಅಬ್ಸಾರ್ಬರ್ ಐದು ಪಟ್ಟಿಗಳಲ್ಲಿ ಮೇಲೆ ಇತ್ತು, ‘ಶಬ್ದ ಬರುತ್ತದೆ’ ಎಂಬ ಕಾರಣಕ್ಕೆ. ಗ್ಯಾಸ್ಕೆಟ್ ಕೂಡ ಮೇಲಿತ್ತು, ನೆಲದ ಮೇಲೆ ಎಣ್ಣೆಯ ಹನಿ ಕಾಣುತ್ತದಲ್ಲ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮೊದಲು, ಸುಮ್ಮನಿರುವುದು ಕೊನೆಗೆ. ದೊಡ್ಡವರೂ ಗ್ಯಾರೇಜಿನಲ್ಲಿ ಹೀಗೆಯೇ ಆರಿಸುತ್ತಾರೆ ಎಂಬುದು ನನ್ನ ಅನಿಸಿಕೆ. ಪಾಠ ಹಿಡಿಯಬೇಕಾದ ಎಳೆ ಇಲ್ಲಿ ಸಿಕ್ಕಿತು.

ಬ್ರೇಕ್ ಎಣ್ಣೆಯಿಂದಲೇ ಶುರುಮಾಡಿದೆವು. ಕಾರು, ನಾಲ್ವರು, ಸಾಮಾನು ಸೇರಿ 1,000 ಕಿಲೋಗ್ರಾಂ ಎಂದೂ, ಘಾಟಿಯ ಇಳಿತ 700 ಮೀಟರ್ ಎಂದೂ ಲೆಕ್ಕಕ್ಕೆ ಇಟ್ಟುಕೊಂಡೆವು. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಗುಣಿಸಿದರೆ 68,60,000 ಜೂಲ್. ಈ ಅಂಕಿ ಕರಿಹಲಗೆಯ ಮೇಲೆ ಬಂದಾಗ ಯಾರ ಮುಖದಲ್ಲೂ ಬದಲಾವಣೆ ಇರಲಿಲ್ಲ. ದೊಡ್ಡ ಸಂಖ್ಯೆ, ಅಷ್ಟೇ. ಅದನ್ನು ಬೇರೆ ಅಳತೆಗೆ ತರಲು ಹೇಳಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇದೇ ಕಾರಿನ ಚಲನ ಶಕ್ತಿ ಸುಮಾರು 1,38,900 ಜೂಲ್. ಭಾಗಿಸಿದಾಗ 49 ಬಂತು. ಅಂದರೆ ಘಾಟಿ ಇಳಿಯುವುದೆಂದರೆ ಅರವತ್ತರ ವೇಗದಿಂದ 49 ಸಲ ಪೂರ್ತಿ ನಿಲ್ಲಿಸಿದ ಹಾಗೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ನೀರಿನ ವಿಶಿಷ್ಟೋಷ್ಣ ಎಷ್ಟೆಂದು ಕೇಳಿಕೊಂಡು, ಇಷ್ಟು ಶಕ್ತಿಯಿಂದ 28 ಡಿಗ್ರಿಯ ನೀರು ಸುಮಾರು 23 ಲೀಟರ್ ಕುದಿಯುವ ಮಟ್ಟಕ್ಕೆ ಬರುತ್ತದೆಂದು ಲೆಕ್ಕ ಹಾಕಿದಳು. ಎರಡು ಕೊಡ ಬಿಸಿನೀರು! ಗಾಳಿಯ ತಡೆ ಮತ್ತು ಎಂಜಿನ್ ಒಂದಷ್ಟನ್ನು ನುಂಗುತ್ತವೆ, ಉಳಿದದ್ದೆಲ್ಲ ಬ್ರೇಕಿನ ಪಾಲು ಎಂದು ಸೇರಿಸಿದೆ.

ಆ ಬಿಸಿ ಎಣ್ಣೆಗೂ ತಲುಪುತ್ತದೆ. ಸಾಮಾನ್ಯ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಕರಾವಳಿಯ ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡದ ಮಗು ಇಲ್ಲಿ ಇಲ್ಲ, ಆದ್ದರಿಂದ ಹೆಚ್ಚು ವಿವರಣೆ ಬೇಕಾಗಲಿಲ್ಲ. ಡಾಟ್ 3 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಕುದಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಸಿರಿಂಜ್ ಮತ್ತು ಒಂದು ಅಡಿ ಪ್ಲಾಸ್ಟಿಕ್ ಕೊಳವೆ ಸಾಕಾಯಿತು. ನೀರು ತುಂಬಿ ಒಂದನ್ನು ಒತ್ತಿದರೆ ಇನ್ನೊಂದು ಕೂಡಲೇ ಮೇಲೇಳುತ್ತದೆ. ಎಂಟನೇ ತರಗತಿಯಲ್ಲಿ ಕಲಿತ ಒತ್ತಡದ ಪಾಠವೇ ಇದು. ಕೊಳವೆಯಲ್ಲಿ ಗಾಳಿಗುಳ್ಳೆ ಬಿಟ್ಟು ಒತ್ತಿದಾಗ ಮೊದಲು ಗುಳ್ಳೆ ಕುಗ್ಗುತ್ತದೆ, ಆಚೆಯ ಸಿರಿಂಜ್ ತಡವಾಗಿ, ಅರೆಮನಸ್ಸಿನಿಂದ ಕದಲುತ್ತದೆ. ಪ್ರತಿ ಗುಂಪೂ ಇದನ್ನು ಕೈಯಲ್ಲಿ ಮಾಡಿ ನೋಡಿತು. ‘ಸರ್, ಪೆಡಲ್ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ’ ಎಂದು ಹೇಳಿದವನು ಮೊದಲು ಎಣ್ಣೆಯನ್ನು ಹೊಡೆದುಹಾಕಿದ್ದ ಗುಂಪಿನವನು. ಹೊಸ ಪ್ಯಾಡ್ ಹಾಕಿ ಹಳೆಯ ಎಣ್ಣೆ ಉಳಿಸಿದರೆ ಘಾಟಿಯ ಕೊನೆಯ ತಿರುವಿನಲ್ಲಿ ಪ್ಯಾಡ್ ಇದ್ದೂ ಇಲ್ಲದಂತೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಚಾಲಕರ ಮಾತಿಗೂ ಅರ್ಥ ಅಲ್ಲೇ ಸಿಕ್ಕಿತು. ಪಟ್ಟಿಯಲ್ಲಿ ಇಲ್ಲದ, ಒಂದು ರೂಪಾಯಿಯೂ ಬೇಡದ ರಿಪೇರಿ ಅದು.

ಈ ಹಂತದಲ್ಲಿ ಕರಿಹಲಗೆಯ ಮೇಲೆ ಎರಡು ಪ್ರಶ್ನೆ ಬರೆದೆ. ಇದು ಕೈಕೊಟ್ಟರೆ ಏನಾಗುತ್ತದೆ? ಕೈಕೊಡುವ ಮೊದಲು ಸೂಚನೆ ಕೊಡುತ್ತದೆಯೇ? ಬೆಲೆಯಾಗಲಿ ಶಬ್ದವಾಗಲಿ ಈ ಪ್ರಶ್ನೆಗಳಲ್ಲಿ ಇಲ್ಲ. ಬಾಲ್ ಜಾಯಿಂಟಿನ ಚಿತ್ರ ಬಿಡಿಸಿ ತೋರಿಸಿದೆ. ಚಕ್ರವನ್ನು ಹೊತ್ತ ಭಾಗವನ್ನು ಕೆಳಗಿನ ತೋಳಿಗೆ ಜೋಡಿಸುವ ಗುಂಡಿನಂಥ ಕೀಲು ಅದು. ಪೂರ್ತಿ ಸವೆದು ಕಳಚಿಕೊಂಡರೆ ಚಕ್ರ ಒಂದು ಬದಿಗೆ ಮಡಚಿಕೊಳ್ಳುತ್ತದೆ. ಹೊಂಡದಲ್ಲಿ ಕೇಳುವ ‘ಟಕ್’ ಶಬ್ದ ಶಾಕ್ ಅಬ್ಸಾರ್ಬರಿನದೂ ಇರಬಹುದು, ಇದರದೂ ಇರಬಹುದು. ಮಕ್ಕಳು 5,200 ರೂಪಾಯಿ ಕೊಡಲು ಹೊರಟಿದ್ದ ಶಬ್ದದ ಹಿಂದೆ 2,400ರ ಅಪಾಯವೂ ಅಡಗಿತ್ತು. ಸವೆದ ಶಾಕ್ ಅಬ್ಸಾರ್ಬರ್ ನಿರಪಾಯ ಎಂದಲ್ಲ. ಚಕ್ರ ಪುಟಿದಷ್ಟೂ ರಸ್ತೆಯ ಹಿಡಿತ ಕಡಿಮೆ. ಆದರೂ ಕಳಚುವ ಕೀಲಿನ ಮುಂದೆ ಅದು ಕಾಯಬಹುದು.

ಟಯರಿನ ಪಾಠ ಎರಡನೇ ಅವಧಿಯಲ್ಲಿ ಅಂಗಳದಲ್ಲಿ ನಡೆಯಿತು. ಶಿಕ್ಷಕರ ಒಪ್ಪಿಗೆ ಪಡೆದು ಅವರ ವಾಹನಗಳ ಟಯರ್ ಗೀರಿನ ಆಳವನ್ನು ಅಳೆದೆವು. ಕಾರಿಗೆ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಗೀರಿನೊಳಗೆ ಅಡ್ಡಲಾಗಿ ಇರುವ ಸಣ್ಣ ರಬ್ಬರ್ ದಿಬ್ಬ ಮೇಲ್ಮೈಗೆ ಸಮನಾದರೆ ಟಯರ್ ಮುಗಿಯಿತೆಂದೇ ಅರ್ಥ. ಆಮೇಲೆ ಕೆಲಸದ ಸೂತ್ರ. ಒಣ ರಸ್ತೆಯಲ್ಲಿ ಬ್ರೇಕಿನ ಬಲ 7,000 ನ್ಯೂಟನ್ ಎಂದುಕೊಂಡರೆ ಅರವತ್ತರ ವೇಗದಿಂದ ನಿಲ್ಲಲು ಸುಮಾರು 20 ಮೀಟರ್. ಒದ್ದೆ ರಸ್ತೆ, ಸವೆದ ಟಯರಿನಿಂದ ಬಲ ಅರ್ಧವಾದರೆ 40. ಹಗ್ಗ ಹಿಡಿದು ಗೇಟಿನಿಂದ ಎರಡನ್ನೂ ಗುರುತು ಮಾಡಿದರು. ನಲವತ್ತರ ಗುರುತು ನೀರಿನ ಟ್ಯಾಂಕಿಯನ್ನೂ ದಾಟಿ ಹೋಯಿತು. ಹೊಸ ಎರಡು ಟಯರನ್ನು ಹಿಂದೆ ಹಾಕಬೇಕೆಂಬ ತಯಾರಕರ ಸಲಹೆಯನ್ನೂ ಹೇಳಿದೆ. ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿಸಿ ಸಂಭಾಳಿಸಬಹುದು, ಒದ್ದೆಯಲ್ಲಿ ಹಿಂಭಾಗ ಜಾರಿದರೆ ಗಾಡಿಯೇ ತಿರುಗುತ್ತದೆ.

ಟೈಮಿಂಗ್ ಬೆಲ್ಟ್, ಹೋಸ್ ಬೇಗ ಮುಗಿದವು. ಎರಡೂ ರಬ್ಬರ್, ಎರಡೂ ಹೇಳದೆ ಕೇಳದೆ ಕೈಕೊಡುತ್ತವೆ. ಬೆಲ್ಟ್ ತುಂಡಾದರೆ ಎಂಜಿನ್ ಅಲ್ಲೇ ನಿಲ್ಲುತ್ತದೆ, ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಮೂರು ಸಾವಿರದ ಕೆಲಸ ಹತ್ತಾರು ಸಾವಿರಕ್ಕೆ ಏರುತ್ತದೆ.

ಪ್ಯಾಡ್ ಮತ್ತು ಶೂ, ಎಣ್ಣೆ, ಟಯರ್, ಬಾಲ್ ಜಾಯಿಂಟ್, ಬೆಲ್ಟ್, ಹೋಸ್, ವೈಪರ್. ಕೂಡಿಸಿದಾಗ 18,100 ಬಂತು. ನೂರು ರೂಪಾಯಿ ಹೆಚ್ಚು. ಎಲ್ಲರೂ ನನ್ನ ಮುಖ ನೋಡಿದರು. ಬಿಟ್ಟುಕೊಡಬಹುದು ಎನ್ನುವ ಮನಸ್ಸಾದರೂ ನಾನು ಒಪ್ಪಲಿಲ್ಲ. ಮಾವನ ಕಿಸೆಯಲ್ಲಿ ಇಲ್ಲದ ನೂರು ತರಗತಿಯಲ್ಲಿ ಮಾತ್ರ ಇದ್ದರೆ ಇಡೀ ಚಟುವಟಿಕೆ ಮತ್ತೆ ಪುಸ್ತಕದ ಲೆಕ್ಕವಾಗುತ್ತದೆ. ತಂದೆ ಆಟೊ ಓಡಿಸುವ ಹುಡುಗನೊಬ್ಬ, ವೈಪರನ್ನು ಅಂಗಡಿಯಲ್ಲಿ ಕೊಂಡು ಮನೆಯಲ್ಲೇ ಹಾಕಿಕೊಳ್ಳಬಹುದು, ಬರೀ ರಬ್ಬರ್ ಪಟ್ಟಿ ಇನ್ನೂ ಅಗ್ಗ ಎಂದ. ಲೆಕ್ಕ ಕೂಡಿತು.

ಕ್ಲಚ್ ಬಗ್ಗೆ ಮಾತ್ರ ಒಮ್ಮತ ಬರಲಿಲ್ಲ. ಇಳಿದ ಘಾಟಿಯನ್ನು ಸಂಜೆ ಹತ್ತಲೇಬೇಕು, ಜಾರುವ ಕ್ಲಚ್ ನಡುದಾರಿಯಲ್ಲಿ ಸೋತರೆ ಅಜ್ಜಿಯ ಗತಿ ಏನು ಎಂದು ಎರಡು ಗುಂಪುಗಳು ಪಟ್ಟು ಹಿಡಿದವು. ಅದು ವಾರಗಟ್ಟಲೆ ಮುಂಚೆಯೇ ಸೂಚನೆ ಕೊಡುತ್ತದೆ, ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಆಗ ಮಾಡಿಸಬಹುದು ಎಂಬುದು ಉಳಿದವರ ವಾದ. ಎರಡೂ ಸಮರ್ಥ ವಾದಗಳೇ. ನಾನು ತೀರ್ಪು ಕೊಡಲಿಲ್ಲ.

ನನ್ನ ಯೋಜನೆಯಲ್ಲಿ ಇಲ್ಲದ ಅಂಶವನ್ನು ತಂದವಳು ಬೇರೊಬ್ಬ ವಿದ್ಯಾರ್ಥಿನಿ. ಎ.ಸಿ. ಬರೀ ಸುಖಕ್ಕೆ ಎಂದು ಎಲ್ಲರೂ ಕೊನೆಗೆ ತಳ್ಳಿದ್ದರು. ಜಡಿಮಳೆಯಲ್ಲಿ ಕಿಟಕಿ ಮುಚ್ಚಿದರೆ ಮುಂದಿನ ಗಾಜಿನ ಒಳಗೆ ಮಬ್ಬು ಕವಿದು ರಸ್ತೆಯೇ ಕಾಣುವುದಿಲ್ಲ, ನಮ್ಮ ಓಮ್ನಿಯಲ್ಲಿ ಅಮ್ಮ ಬಟ್ಟೆ ಹಿಡಿದು ಒರೆಸುತ್ತಲೇ ಇರುತ್ತಾರೆ ಎಂದಳು. ಎ.ಸಿ. ಗಾಳಿಯ ತೇವ ತೆಗೆಯುವುದರಿಂದ ಮಬ್ಬು ಬೇಗ ಕರಗುತ್ತದೆ ಎಂಬುದು ನಿಜ. ಹಾಗಾದರೆ 11,500 ರೂಪಾಯಿ ಸುರಕ್ಷತೆಯ ಖಾತೆಗೆ ಹೋಗಬೇಕೇ? ಅವಳ ಪ್ರಶ್ನೆಯಿಂದ ಕರಿಹಲಗೆಯ ಮೇಲೆ ಮೂರನೇ ಸಾಲು ಬಂತು: ಬೇರೆ ಅಗ್ಗದ ದಾರಿ ಇದೆಯೇ? ಹೀಟರಿನ ಬಿಸಿಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಬರಲು ಬಿಟ್ಟು, ಕಿಟಕಿ ಒಂದಿಷ್ಟು ತೆರೆದರೆ ಬಹುಮಟ್ಟಿಗೆ ಕೆಲಸ ನಡೆಯುತ್ತದೆ. ಎ.ಸಿ. ಕೊನೆಯಿಂದ ಮೇಲೆ ಬಂದು ಕ್ಲಚ್‌ನ ಹಿಂದೆ ನಿಂತಿತು. ಇದೇ ಕಾರು ಬಾಡಿಗೆಗೆ ಓಡುವುದಾದರೆ ಎ.ಸಿ. ಇಲ್ಲದೆ ಗಿರಾಕಿಯೇ ಸಿಗುವುದಿಲ್ಲ, ಆಗ ಪಟ್ಟಿ ಬೇರೆ ಎಂದು ಇನ್ನೊಬ್ಬ ಸೇರಿಸಿದ.

ಪೇಂಟ್ ಬೇಡವೆಂಬುದರಲ್ಲಿ ಭಿನ್ನಮತ ಇರಲಿಲ್ಲ. ಆದರೆ ಬಾಗಿಲಿನ ತುಕ್ಕಿಗೂ ತಳದ ತುಕ್ಕಿಗೂ ವ್ಯತ್ಯಾಸವಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ; ಈ ಕಾರಿಗೆ ಅದು 2026ರಲ್ಲಿ ಮುಗಿಯುತ್ತದೆ, ಮುಂದಿನ ಐದು ವರ್ಷಕ್ಕೆ ನವೀಕರಿಸಲು ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು. ತಳ ಗಟ್ಟಿಯಿಲ್ಲದಿದ್ದರೆ ಹದಿನೆಂಟು ಸಾವಿರವನ್ನೂ ಹಾಕುವುದರಲ್ಲಿ ಅರ್ಥವಿಲ್ಲ. ಗ್ಯಾರೇಜಿನ ಪಟ್ಟಿಯಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲವಾದ್ದರಿಂದ, ಹಣ ಕೊಡುವ ಮೊದಲು ಕಾರನ್ನು ಎತ್ತಿಸಿ ತಳ ನೋಡಬೇಕು ಎಂಬುದನ್ನು ಮಕ್ಕಳು ಪಟ್ಟಿಯ ತಲೆಯಲ್ಲೇ ಬರೆದರು.

ಮೌಲ್ಯಮಾಪನದಲ್ಲಿ ಕ್ರಮಕ್ಕೆ ಅಂಕ ಇಡಲಿಲ್ಲ, ಕಾರಣಕ್ಕೆ ಇಟ್ಟೆ. ಪ್ರತಿ ಕಾರಣದಲ್ಲಿ ಶಕ್ತಿ, ಕೆಲಸ ಅಥವಾ ಒತ್ತಡದ ಒಂದು ಸಂಬಂಧ ಸರಿಯಾಗಿ ಬಂದಿರಬೇಕು. ಕ್ಲಚ್ ಮೊದಲು ಎಂದವರಿಗೂ ನಂತರ ಎಂದವರಿಗೂ ಪೂರ್ಣ ಅಂಕ ಸಿಕ್ಕಿತು. ವೀಕ್ಷಿಸಿದ ಸಹಪಾಠಿಯ ಟಿಪ್ಪಣಿಯಲ್ಲಿ ‘ಇದು ವಿಜ್ಞಾನವೋ ಗೃಹ ಆಯವ್ಯಯವೋ’ ಎಂಬ ಪ್ರಶ್ನೆ ಇತ್ತು. ಮಾರ್ಗದರ್ಶಕ ಉಪನ್ಯಾಸಕರು ಸರಿಯುತ್ತರ ಒಂದೇ ಇಲ್ಲದ ಚಟುವಟಿಕೆಯನ್ನು ಘಟಕ ಪರೀಕ್ಷೆಗೆ ಹೇಗೆ ಹೊಂದಿಸುತ್ತೀರಿ ಎಂದು ಕೇಳಿದರು. ನನ್ನ ನಿಲುವು ಇಷ್ಟೇ: ಬಜೆಟ್ ಇಲ್ಲದಿದ್ದರೆ ಮಕ್ಕಳು ಹನ್ನೆರಡೂ ಕೆಲಸಗಳಿಗೆ ‘ಹೌದು’ ಎನ್ನುತ್ತಿದ್ದರು, 68,60,000 ಜೂಲನ್ನು ಯಾರೂ ಎರಡನೇ ಬಾರಿ ನೋಡುತ್ತಿರಲಿಲ್ಲ. ಪರೀಕ್ಷೆಗೆ ಬೇಕಾದ ಲೆಕ್ಕಗಳೂ ಅದೇ ಎರಡು ಅವಧಿಯಲ್ಲಿ ಆದವು.

ಮಾವ ಪಟ್ಟಿಯನ್ನು ಗ್ಯಾರೇಜಿಗೆ ಒಯ್ದರು. ತಳ ಗಟ್ಟಿಯಾಗಿತ್ತು. ತೆಗೆದ ಬ್ರೇಕ್ ಎಣ್ಣೆ ಕಪ್ಪು ಕಾಫಿಯ ಬಣ್ಣಕ್ಕಿತ್ತೆಂದು ಹೇಳಿ, ಒಂದು ಸಣ್ಣ ಬಾಟಲಿಯಲ್ಲಿ ಕಳುಹಿಸಿಕೊಟ್ಟರು. ಬಿಗಿಯಾಗಿ ಮುಚ್ಚಿದ ಆ ಬಾಟಲಿ, ಪಕ್ಕದಲ್ಲಿ ಹೊಸ ಎಣ್ಣೆಯ ಬಾಟಲಿ, ಎರಡು ಸಿರಿಂಜ್ ಈಗ ಕಾಲೇಜಿನ ಪಾಠೋಪಕರಣಗಳ ಕಪಾಟಿನಲ್ಲಿವೆ. ಬಳಸುವವರು ಎಣ್ಣೆ ಚರ್ಮಕ್ಕೂ ಬಣ್ಣ ಹಚ್ಚಿದ ಬೆಂಚಿಗೂ ತಾಗದಂತೆ ನೋಡಿಕೊಳ್ಳಬೇಕು. ಕ್ಲಚ್‌ಗೆ ಮಾವ ಅಕ್ಟೋಬರ್ ತನಕ ಕಾಯುತ್ತಾರಂತೆ.