ಕರಿಕೋಟು ಹಾಕುವ ಮೊದಲು

ಪುಟ್ಟಿ,

ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿ ಅರ್ಧ ಗಂಟೆ ನಿನ್ನ ಮೇಲೆ ದೂರು ಹೇಳಿದಳು. ಲಾ ಓದುತ್ತೀಯಂತೆ, ಜೊತೆಗೆ ಸೈಕಾಲಜಿಯೂ ಬೇಕಂತೆ. "ಎರಡು ದೋಣಿ ಮೇಲೆ ಕಾಲಿಟ್ಟರೆ ಏನಾಗುತ್ತೆ ಅಂತ ನೀನಾದರೂ ಹೇಳಕ್ಕ" ಅಂದಳು. ನಾನು ಹೇಳಲಿಲ್ಲ. 38 ವರ್ಷ ಮೈಸೂರಿನ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವಳು ನಾನು. ಒಂದೇ ದೋಣಿಯಲ್ಲಿ ಕೂತೂ ಎಷ್ಟು ಸಲ ಮುಳುಗಿದ್ದೇನೆ ಅನ್ನೋದು ಅವಳಿಗೆ ಗೊತ್ತಿಲ್ಲ.

ಒಂದು ಸಲವಂತೂ ಗೆದ್ದೇ ಮುಳುಗಿದೆ. ಆಗಿನ್ನೂ ಜೂನಿಯರ್. ಕಳ್ಳತನದ ಕೇಸು, ನಾವು ಆರೋಪಿ ಕಡೆ. ಎದುರಿನವರ ಮುಖ್ಯ ಸಾಕ್ಷಿ ಒಬ್ಬ ಹೂವಿನವಳು. ಘಟನೆ ನಡೆದು ಎರಡು ವರ್ಷದ ಮೇಲಾಗಿತ್ತು. "ಅಂಗಿ ಬಣ್ಣ ಕೇಳು, ಬೀದಿದೀಪ ಎಲ್ಲಿತ್ತು ಕೇಳು, ತಿರುಗಿ ಅಂಗಿ ಬಣ್ಣಕ್ಕೇ ಬಾ" ಎಂದು ಸೀನಿಯರ್ ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ. ಪೊಲೀಸರ ಮುಂದೆ ನೀಲಿ ಅಂದಿದ್ದವಳು ಕಟಕಟೆಯಲ್ಲಿ ಹಸಿರು ಅಂದಳು, ಏಳು ಗಂಟೆ ಎಂಟಾಯಿತು, ದೀಪ ಕಂಬದಿಂದ ಕಂಬಕ್ಕೆ ಓಡಾಡಿತು. ಪಾಟೀಸವಾಲು ಮುಗಿದಾಗ ಸೀನಿಯರ್ ಬೆನ್ನು ತಟ್ಟಿ ಕಾಫಿ ಕೊಡಿಸಿದರು. ಸಂಜೆ ಮೆಟ್ಟಿಲ ಹತ್ತಿರ ಆ ಹೆಂಗಸು ಕಾದು ನಿಂತಿದ್ದಳು. ಜಗಳಕ್ಕಲ್ಲ. "ನಾನೇನ್ ಸುಳ್ ಹೇಳಿದ್ನವ್ವ?" ಅಂದಳು, ಅಷ್ಟೇ. ಆರೋಪಿ ಖುಲಾಸೆಯಾದ. ಅವಳಿಗೆ ಕೊಡಬೇಕಿದ್ದ ಉತ್ತರ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಎಷ್ಟೋ ವರ್ಷದ ಮೇಲೆ ಎಲಿಜಬೆತ್ ಲಾಫ್ಟಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯ ಕೆಲಸದ ಬಗ್ಗೆ ಓದಿದೆ. 1974ರಲ್ಲಿ ಆಕೆ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲಂ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಎಲ್ಲರಿಗೂ ಅದೇ ಪ್ರಶ್ನೆ, ಕ್ರಿಯಾಪದ ಒಂದು ಮಾತ್ರ ಬೇರೆ ಬೇರೆ. ಕಾರುಗಳು "ಅಪ್ಪಳಿಸಿದಾಗ" ಎಂಬರ್ಥದ ಪದ ಕೇಳಿಸಿಕೊಂಡವರು ಸರಾಸರಿ ಗಂಟೆಗೆ 40.8 ಮೈಲಿ ಅಂದರು. "ತಾಗಿದಾಗ" ಎಂಬಂಥ ಮೆತ್ತಗಿನ ಪದ ಕೇಳಿಸಿಕೊಂಡವರು 31.8 ಅಂದರು. ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಎಂದು ಕೇಳಿದರು. "ಅಪ್ಪಳಿಸಿದ" ಗುಂಪಿನ 50 ಜನರಲ್ಲಿ 16 ಮಂದಿ ಹೌದು ಅಂದರು, "ಗುದ್ದಿದ" ಗುಂಪಿನ 50ರಲ್ಲಿ 7 ಮಂದಿ. ಫಿಲಂನಲ್ಲಿ ಒಡೆದ ಗಾಜು ಇರಲೇ ಇಲ್ಲ ಕಣೇ! ಓದಿ ಮುಗಿಸಿ ಪುಸ್ತಕ ಮುಚ್ಚಿದಾಗ ನನ್ನ ಕಣ್ಣಮುಂದೆ ಬಂದದ್ದು ಹೂವಿನ ಬುಟ್ಟಿ. ಅಂಗಿಗೆ ಹಸಿರು ಬಣ್ಣ ಹಚ್ಚಿದ್ದು ಅವಳೋ, ನನ್ನ ಪ್ರಶ್ನೆಯೋ?

ಆದ್ದರಿಂದ ಎರಡನ್ನೂ ಓದು. ಆದರೆ ಎರಡೂ ಬೇಗ ಒಂದಾಗಿಬಿಡುತ್ತವೆ ಎಂದುಕೊಂಡು ಹೋಗಬೇಡ. ಅವು ಮಾತುಮಾತಿಗೆ ಜಗಳ ಆಡುವ ಓರಗಿತ್ತಿಯರು. ನೋಡು, ಉತ್ತರವನ್ನು ಬಾಯಿಗಿಡುವ ಸೂಚಕ ಪ್ರಶ್ನೆ ನೆನಪನ್ನೇ ಕೆಡಿಸುತ್ತದೆ ಎಂದು ಮನಶ್ಶಾಸ್ತ್ರ ಹೇಳುತ್ತದೆ. ನಮ್ಮ ಸಾಕ್ಷ್ಯದ ಕಾನೂನು ಮುಖ್ಯ ವಿಚಾರಣೆಯಲ್ಲಿ ಅದನ್ನು ತಡೆಯುತ್ತದೆ, ಪಾಟೀಸವಾಲಿನಲ್ಲಿ ಧಾರಾಳವಾಗಿ ಬಿಡುತ್ತದೆ. ಕಾನೂನಿಗೂ ಅದರದೇ ಕಾರಣವಿದೆ: ಸಾಕ್ಷಿ ತನ್ನನ್ನು ಕರೆಸಿದವರ ಕಡೆಗೆ ವಾಲಿರುತ್ತಾನೆ, ಅವನನ್ನು ಅಲುಗಾಡಿಸಿ ನೋಡದೆ ಆರೋಪಿಯನ್ನು ಜೈಲಿಗೆ ಕಳಿಸುವುದು ಹೇಗೆ? ಬರೀ ಲಾ ಓದಿದವಳಿಗೆ ಇದೊಂದು ನಿಯಮ. ಬರೀ ಸೈಕಾಲಜಿ ಓದಿದವಳಿಗೆ ಇದೊಂದು ಅನ್ಯಾಯ. ಎರಡೂ ಓದಿದವಳಿಗೆ ಮಾತ್ರ ಇಕ್ಕಟ್ಟು ಇಕ್ಕಟ್ಟಾಗಿಯೇ ಕಾಣುತ್ತದೆ. ಒಮ್ಮೊಮ್ಮೆ ಕಾನೂನು ಓರಗಿತ್ತಿಯ ಮಾತು ಕೇಳಿದ್ದೂ ಉಂಟು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ ಇರುವ 2012ರ ಪೋಕ್ಸೊ ಕಾಯ್ದೆಯಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ತಿಳಿಸಬೇಕು, ಅವರು ಮಗುವನ್ನು ಕೇಳುತ್ತಾರೆ. ಮಗುವನ್ನು ಪದೇ ಪದೇ ಕೋರ್ಟಿಗೆ ಕರೆಸಬಾರದು, ಆರೋಪಿ ಅದರ ಕಣ್ಣಿಗೆ ಬೀಳಬಾರದು.

ಇನ್ನೊಂದು ಜಗಳ ಹುಚ್ಚಿನದು. ಆ ಪದ ನೀನು ಬಳಸಬೇಡ. ಹಳೇ ವಕೀಲರ ಬಾಯಲ್ಲಿ ಇನ್ನೂ ಇದೆ, ನನ್ನ ಬಾಯಲ್ಲೂ ನುಸುಳುತ್ತದೆ. ಐಪಿಸಿಯ 84ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 22ನೆಯದು, ಕೇಳುವ ಪ್ರಶ್ನೆ ಬಹಳ ಇಕ್ಕಟ್ಟಾದದ್ದು: ಆ ಕೃತ್ಯ ಮಾಡಿದ ಗಳಿಗೆಯಲ್ಲಿ, ಚಿತ್ತಸ್ವಾಸ್ಥ್ಯವಿಲ್ಲದ ಕಾರಣಕ್ಕೆ, ತಾನು ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಎಂದು ತಿಳಿಯುವ ಶಕ್ತಿ ಅವನಿಗೆ ಇತ್ತೋ ಇಲ್ಲವೋ? ಬೇರು ಇಂಗ್ಲೆಂಡಿನದು. 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬವನು ಪ್ರಧಾನಿ ರಾಬರ್ಟ್ ಪೀಲರ ಕಾರ್ಯದರ್ಶಿಗೆ ಗುಂಡು ಹೊಡೆದ ಪ್ರಕರಣದಿಂದ ಬಂದ ಸೂತ್ರ. ವೈದ್ಯರು ಹತ್ತು ವರ್ಷದ ಚಿಕಿತ್ಸೆಯ ಫೈಲು ತಂದು ಮೇಜಿನ ಮೇಲಿಟ್ಟು, ಇವನಿಗೆ ಸ್ಕಿಜೋಫ್ರೀನಿಯಾ ಅನ್ನಬಹುದು. ಕೋರ್ಟು ಅದನ್ನು ಒಪ್ಪಿಕೊಂಡೂ ಶಿಕ್ಷೆ ಕೊಡಬಹುದು. ವೈದ್ಯಕೀಯದ ಅಸ್ವಸ್ಥತೆ ಬೇರೆ, ಕಾನೂನಿನ ಅಸ್ವಸ್ಥತೆ ಬೇರೆ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ನನ್ನ ಕಕ್ಷಿದಾರನ ತಾಯಿ ಒಮ್ಮೆ ಕೇಳಿದ್ದರು, "ಆಸ್ಪತ್ರೆಯೋರು ಕಾಯಿಲೆ ಅಂದ್ರು, ಕೋರ್ಟ್ನೋರು ಇಲ್ಲ ಅಂದ್ರಲ್ಲ, ಯಾರದು ಸುಳ್ಳು?" ಯಾರದೂ ಸುಳ್ಳಲ್ಲ ಎಂದು ಆ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಲು ನನಗೆ ಬರಲಿಲ್ಲ. ನೀನು ಕಲಿತುಕೊಂಡು ಬಾ.

ಈ ಓರಗಿತ್ತಿಯರಿಬ್ಬರೂ ಸೇರಿ ಎಡವುವ ಜಾಗವೂ ಇದೆ. ಮಂಪರು ಪರೀಕ್ಷೆ ಅಂತ ಕೇಳಿದ್ದೀಯಾ? ನೀನು ತೊಟ್ಟಿಲಲ್ಲಿದ್ದ ಕಾಲ. ಯಾವ ಟಿವಿ ಹಾಕಿದರೂ ಬೆಂಗಳೂರಿನಲ್ಲಿ ಇಂಥವನಿಗೆ ಇಂಜೆಕ್ಷನ್ ಕೊಟ್ಟು ಬಾಯಿ ಬಿಡಿಸಿದರು ಎಂಬ ಸುದ್ದಿ. ವಿಜ್ಞಾನ ಅಂದಮೇಲೆ ನಿಜವೇ ಇರಬೇಕು ಎಂದು ನಮ್ಮ ಬಾರ್ ರೂಮಿನಲ್ಲೂ ಬೆರಗು. 2010ರ ಮೇ ತಿಂಗಳಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಂಪರು, ಪಾಲಿಗ್ರಾಫ್, ಮಿದುಳಿನ ಅಲೆ ನೋಡುವ ಪರೀಕ್ಷೆ, ಈ ಮೂರನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂದಿತು. ಒಬ್ಬನನ್ನು ಅವನ ವಿರುದ್ಧವೇ ಸಾಕ್ಷಿ ಹೇಳಲು ಒತ್ತಾಯಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ ಒಂದು ಕಡೆ, ಆ ಪರೀಕ್ಷೆಗಳನ್ನು ಎಷ್ಟು ನಂಬಬಹುದು ಎಂಬ ಚರ್ಚೆ ಇನ್ನೊಂದು ಕಡೆ. ಆ ತೀರ್ಪು ಉದ್ದ. ಆದರೂ ಮೊದಲ ವರ್ಷದಲ್ಲೇ ಪೂರ್ತಿ ಓದು, ಗೈಡಿನ ಸಾರಾಂಶವನ್ನಲ್ಲ. ನಮ್ಮ ರಾಜ್ಯದ ಹೆಸರು ಹೊತ್ತ ತೀರ್ಪು, ನಿನ್ನ ಎರಡೂ ವಿಷಯ ಅದರಲ್ಲಿ ಒಂದೇ ಬೆಂಚಿನಲ್ಲಿ ಕೂತಿವೆ.

ಈಗ ಸೇರುವ ವ್ಯವಹಾರ. ನಿಮ್ಮಪ್ಪ ಇದನ್ನೇ ಮೊದಲು ಓದುತ್ತಾನೆ ಅಂತ ಗೊತ್ತು. ಯುಜಿಸಿ 2022ರಲ್ಲಿ ಒಟ್ಟಿಗೆ ಎರಡು ಡಿಗ್ರಿ ಮಾಡಬಹುದು ಎಂದದ್ದನ್ನು ಪೇಪರಿನಲ್ಲಿ ನೋಡಿ ನೀನು ಹಿಗ್ಗಿರಬಹುದು. ಆದರೆ ಕಾನೂನು ಪದವಿಗೆ ಯಜಮಾನರು ಬಾರ್ ಕೌನ್ಸಿಲ್‌ನವರು. ಅವರ 2008ರ ಕಾನೂನು ಶಿಕ್ಷಣ ನಿಯಮದ ಪ್ರಕಾರ ಲಾ ಜೊತೆಗೆ ಇನ್ನೊಂದು ರೆಗ್ಯುಲರ್ ಕೋರ್ಸಿಗೆ ಹೆಸರು ಬರೆಸುವಂತಿಲ್ಲ. ದೂರಶಿಕ್ಷಣಕ್ಕೆ ಆ ನಿಯಮ ವಿನಾಯಿತಿ ಕೊಟ್ಟಿದೆ, ನಿಜ. ಆದರೆ 2025ರಲ್ಲಿ ಯುಜಿಸಿ ಸೈಕಾಲಜಿಯನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಕೊಡಬಾರದೆಂದು ಆ ಕಿಟಕಿಯನ್ನೂ ಮುಚ್ಚಿತು. ಯಾರಾದರೂ ಏಜೆಂಟ್ ಬಂದು ಎರಡೂ ಒಟ್ಟಿಗೆ ಮಾಡಿಸಿಕೊಡ್ತೀನಿ ಅಂದರೆ ಕಾಫಿ ಕೊಟ್ಟು ಕಳಿಸಿ.

ಉಳಿದದ್ದು ಎರಡು ದಾರಿ. ಸೈಕಾಲಜಿ ಒಂದು ವಿಷಯವಾಗಿರುವ ಐದು ವರ್ಷದ ಬಿ.ಎ. ಎಲ್‌ಎಲ್.ಬಿ. ಹುಡುಕಬಹುದು. ಇಲ್ಲವೇ ಮೂರು ವರ್ಷ ಸೈಕಾಲಜಿಯಲ್ಲೇ ಡಿಗ್ರಿ ಮಾಡಿ, ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ನಾನಾಗಿದ್ದರೆ ಎರಡನೆಯದು. ಒಂದು ವರ್ಷ ಹೆಚ್ಚು, ಹೌದು. ಆದರೆ ಐದು ವರ್ಷದ ಕೋರ್ಸಿನಲ್ಲಿ ಕರಾರು, ಆಸ್ತಿ, ಸಂವಿಧಾನ, ಮೂಟ್ ಕೋರ್ಟು ಎಂದು ನೂಕುನುಗ್ಗಲು. ಸೈಕಾಲಜಿ ಮದುವೆಮನೆಯ ಕೊನೇ ಪಂಕ್ತಿಯಲ್ಲಿ ಕೂತ ಹಾಗೆ, ಎಲೆ ಹಾಕಿರುತ್ತಾರೆ, ಬಡಿಸೋರು ಬರೋದಿಲ್ಲ. ಮುಂದೆ ಎಂ.ಎಸ್ಸಿ. ಸೈಕಾಲಜಿಗೆ ಹೋಗುವ ಆಸೆಯಿದ್ದರೆ ಅಷ್ಟು ಪೇಪರು ಸಾಕಾಗುತ್ತವೆಯೇ ಎಂದು ಸೇರುವ ಮೊದಲೇ ವಿಚಾರಿಸು. ಮೈಸೂರಿಗೇ ಬಂದರೆ ನನಗೆ ಸಂತೋಷ. ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಇಲ್ಲಿ ಮನಶ್ಶಾಸ್ತ್ರ ವಿಭಾಗ ಶುರು ಮಾಡಿದವರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ನಡೆಸಿ "ಆಕಾಶವಾಣಿ" ಎಂಬ ಹೆಸರಿಗೆ ದಾರಿ ಮಾಡಿದವರೂ ಅವರೇ. ಎರಡು ದೋಣಿ ಅನ್ನುವ ನಿಮ್ಮಮ್ಮನಿಗೆ ಇದನ್ನು ಹೇಳು.

ನನಗೆ ನಿಜವಾದ ಹೆದರಿಕೆ ಬೇರೆ ಇದೆ. ಎರಡೂ ಗೊತ್ತಿದ್ದವಳಿಗೆ ಕಕ್ಷಿದಾರರ ಮುಂದೆ ಅರ್ಧ ಡಾಕ್ಟರಾಗುವ ಚಪಲ ಬರುತ್ತದೆ. ವಿಚ್ಛೇದನಕ್ಕೆ ಬಂದ ಹೆಂಗಸು ಗಂಡನ ವಿಷಯ ಹೇಳುತ್ತಿದ್ದರೆ, ಅವನಿಗೆ ಇಂಥ ಡಿಸಾರ್ಡರ್ ಇರಬೇಕು ಎಂದು ನಿನ್ನ ಬಾಯಿಗೆ ಬರುತ್ತದೆ. ಅದು ಅರ್ಜಿಯೊಳಗೆ ಹೋಗುತ್ತದೆ. ಆಮೇಲೆ ಆ ಮನುಷ್ಯನ ಹಣೆಗೆ ಅಂಟಿದ ಚೀಟಿ ಮಕ್ಕಳ ಸುಪರ್ದಿನ ಕೇಸಿನವರೆಗೂ ಹಿಂದೆ ಬರುತ್ತದೆ. ಅವನ ಮುಖ ಕೂಡ ನೋಡಿರದ ನೀನು ಅಷ್ಟು ಮಾಡಿರುತ್ತೀಯ! ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಬೇಕಾದರೆ ಅದಕ್ಕೇ ಬೇರೆ ತರಬೇತಿ, ಬೇರೆ ನೋಂದಣಿ ಇದೆ. ವಕೀಲಿ ಸನದು ಚಾಲ್ತಿಯಲ್ಲಿಟ್ಟುಕೊಂಡು ಆಸ್ಪತ್ರೆಯಲ್ಲಿ ಪೂರ್ಣಾವಧಿ ಸಂಬಳದ ಕೆಲಸ ಮಾಡುವುದಕ್ಕೂ ಬಾರ್ ಕೌನ್ಸಿಲ್ ಬಿಡುವುದಿಲ್ಲ.

ಕುರ್ಚಿ ಬದಲಾದರೆ ಗುಟ್ಟಿನ ಲೆಕ್ಕವೂ ಬದಲಾಗುತ್ತದೆ. ವಕೀಲಳಾದ ನಿನ್ನ ಹತ್ತಿರ ಕಕ್ಷಿದಾರ ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆ ಬಿಡಕೂಡದು ಎಂದು ಸಾಕ್ಷ್ಯದ ಕಾನೂನೇ ಕಾಪಾಡುತ್ತದೆ. ಆದರೆ ಮುಂದೆ ಮಾಡಲಿರುವ ಅಪರಾಧಕ್ಕೆ ಆ ರಕ್ಷಣೆ ಇಲ್ಲ. ಕೌನ್ಸೆಲರಿಗೆ ಅಂಥ ಬೇಲಿ ಇಲ್ಲ, ಕೋರ್ಟು ಸಮನ್ಸ್ ಕಳಿಸಿ ಕರೆಸಿದರೆ ಕಟಕಟೆ ಹತ್ತಬೇಕು. ಎದುರು ಕೂತವರಿಗೆ ನಿನ್ನ ಎರಡು ಡಿಗ್ರಿ ಕಾಣುವುದಿಲ್ಲ, ಒಬ್ಬ ಒಳ್ಳೆಯ ಹುಡುಗಿ ಕಾಣುತ್ತಾಳೆ, ಎಲ್ಲವನ್ನೂ ಸುರಿದುಬಿಡುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಡು: ನಾನು ಇವತ್ತು ಇಲ್ಲಿ ವಕೀಲಳು.

ಕಾಲೇಜು ಶುರುವಾಗುವುದಕ್ಕೆ ಇನ್ನೂ ಸಮಯವಿದೆ. ಒಂದು ವಾರ ಇಲ್ಲಿಗೆ ಬಾ. ಬೆಳಿಗ್ಗೆ ಹತ್ತೂವರೆಗೆ ಕೋರ್ಟಿಗೆ ಕರೆದುಕೊಂಡು ಹೋಗಿ ಕೊನೇ ಬೆಂಚಿನಲ್ಲಿ ಕೂರಿಸುತ್ತೇನೆ. ಒಂದು ನೋಟ್‌ಬುಕ್ ತಾ. ಸಾಕ್ಷಿ ಹೇಳಿದ್ದನ್ನು ಬರೆಯಬೇಡ, ಅದನ್ನು ಕೋರ್ಟಿನ ಟೈಪಿಸ್ಟ್ ಬರೆದುಕೊಳ್ಳುತ್ತಾರೆ. ಸಾಕ್ಷಿಗೆ ಕೇಳಿದ ಪ್ರಶ್ನೆಗಳನ್ನು ಇದ್ದದ್ದು ಇದ್ದ ಹಾಗೆ, ಕ್ರಿಯಾಪದದ ಸಮೇತ ಬರೆದುಕೋ. ಸಂಜೆ ಮನೆಗೆ ಬಂದು ಚುರುಮುರಿ ತಿನ್ನುತ್ತಾ ಓದೋಣ. ಅದರಲ್ಲಿ ನಾನು ಕೇಳಿದ ಪ್ರಶ್ನೆಗಳೂ ಇರುತ್ತವೆ, ಬಿಡಬೇಡ.

ನಿನ್ನ
ದೊಡ್ಡಮ್ಮ