ಮೋತ್ಯಾನ ಹೊಟ್ಟೆ, ನಿನ್ನ ಪುಡಿಯ ಡಬ್ಬಿ

ಸಂಖ, ತಾ. ಜತ್ತ

ತಂಗೀ,

ನಿನ್ನ ನಾಯಿಮರಿ ಮೋತ್ಯಾನಿಗೆ ಮೂರು ದಿನದಿಂದ ಜುಲಾಬು ಹತ್ತಿದೆ, ಪುಣೆಯ ಡಾಕ್ಟರರು ಪ್ರೋಬಯಾಟಿಕ್ ಪುಡಿ ಬರೆದುಕೊಟ್ಟಿದ್ದಾರೆ, ಅಂಗಡಿಯವನು ಇದನ್ನು ಜೀವನಪೂರ್ತಿ ದಿನಾ ಹಾಕಿ ಎಂದು ದೊಡ್ಡ ಡಬ್ಬಿಯನ್ನೇ ಕೊಟ್ಟಿದ್ದಾನೆ, ಹಾಕಲೋ ಬೇಡವೋ ಎಂದು ಕೇಳಿದ್ದೀಯ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರರು ಹೇಳಿದಷ್ಟು ದಿನ, ಅಂದರೆ ವಾರವೋ ಹತ್ತು ದಿನವೋ, ತಪ್ಪದೆ ಹಾಕು. ಅಂಗಡಿಯವನ ಮಾತು ಬಿಡು. ಹೊಟ್ಟೆ ಸರಿಹೋದ ಮೇಲೆ ಡಬ್ಬಿ ಮುಚ್ಚಿಡು.

ನಾನು ಡಾಕ್ಟರನಲ್ಲ, ಪಶುಧನ ಪರ್ಯವೇಕ್ಷಕನಾಗಿ ನಿವೃತ್ತನಾದವನು. ಔಷಧ ಬರೆಯುವ ಅಧಿಕಾರ ನನಗಿಲ್ಲ. ಆದರೆ ಜೀವಮಾನವೆಲ್ಲ ದನ, ಕುರಿ, ನಾಯಿಗಳ ಹೊಟ್ಟೆಯನ್ನೇ ನೋಡಿದವನಿಗೆ ಆ ವಿಷಯದಲ್ಲಿ ಸುಮ್ಮನಿರುವುದು ಕಷ್ಟ. ಸ್ವಲ್ಪ ಉದ್ದವಾದರೂ ಓದು.

ಮೊದಲು ಕಾರಣ ಹುಡುಕೋಣ. ಮೋತ್ಯಾ ಇಲ್ಲಿದ್ದಾಗ ತಿಂದದ್ದು ಏನು? ಜೋಳದ ರೊಟ್ಟಿ, ಹಾಲು, ತಿಳಿ ಮಜ್ಜಿಗೆ, ಒಮ್ಮೊಮ್ಮೆ ತತ್ತಿ. ಪುಣೆಗೆ ಹೋದ ಮರುದಿನದಿಂದಲೇ ನೀನು ಪ್ಯಾಕೆಟಿನ ಕಾಳು ಹಾಕಲು ಶುರುಮಾಡಿದಿ. ಕಾಳು ಕೆಟ್ಟದ್ದೆಂದು ಹೇಳುತ್ತಿಲ್ಲ. ಆದರೆ ನಾಯಿಯ ಕರುಳಿನಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ದಿನಾ ಬರುವ ಊಟಕ್ಕೆ ಹೊಂದಿಕೊಂಡಿರುತ್ತವೆ. ಊಟ ಒಂದೇ ದಿನದಲ್ಲಿ ಬದಲಾದರೆ ಹಳೆಯವು ತಬ್ಬಿಬ್ಬಾಗುತ್ತವೆ, ಹೊಸವು ಇನ್ನೂ ಬೆಳೆದಿರುವುದಿಲ್ಲ. ಅರಗದೆ ಉಳಿದ ಆಹಾರ ಕರುಳಿಗೆ ನೀರು ಎಳೆದುಕೊಳ್ಳುತ್ತದೆ, ಭೇದಿಯಾಗುತ್ತದೆ. ಏಳರಿಂದ ಹತ್ತು ದಿನ ತೆಗೆದುಕೊಂಡು, ಹಳೆಯದನ್ನು ಕಾಲುಭಾಗ ಕಾಲುಭಾಗ ಕಡಿಮೆ ಮಾಡುತ್ತ ಹೊಸದನ್ನು ಸೇರಿಸಬೇಕು. ಈ ಸಲ ಜುಲಾಬು ನಿಂತ ಮೇಲೆ ಹಾಗೆ ಮಾಡು.

ರೊಟ್ಟಿ ನಾಯಿಯ ಆಹಾರವೇ ಅಲ್ಲ, ಅದು ತೋಳದ ಕುಲ, ಬರೀ ಮಾಂಸ ಹಾಕಬೇಕು ಎಂದು ನಿನ್ನ ಗೆಳತಿ ಹೇಳಿದಳಂತೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು 2013ರಲ್ಲಿ ತೋಳ ಮತ್ತು ನಾಯಿಯ ಜೀನುಗಳನ್ನು ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ಅಮೈಲೇಸ್ ಎಂಬ ರಸದ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ. ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯ ಬೆಳೆ ಬೆಳೆಯಲು ಕಲಿತಾಗ ಅವನ ಬಾಗಿಲಲ್ಲಿ ಕೂತ ನಾಯಿ ರೊಟ್ಟಿ ಅರಗಿಸಲು ಕಲಿಯಿತು. ರೊಟ್ಟಿಯೊಂದೇ ಸಾಲುವುದಿಲ್ಲ, ಜೊತೆಗೆ ತತ್ತಿ, ಬೇಯಿಸಿದ ಮಾಂಸ ಬೇಕು. ಆದರೆ ರೊಟ್ಟಿಯನ್ನು ಅಪರಾಧಿ ಮಾಡಬೇಡ.

ಈಗ ಪುಡಿಯ ವಿಷಯ. ಹೊಟ್ಟೆಯೊಳಗಿನ ಜೀವಿಗಳನ್ನು ಹೊರಗಿನಿಂದ ತಂದು ಕೊಡುವ ಉಪಾಯ ನಮ್ಮ ಕಸುಬಿಗೆ ಹೊಸದಲ್ಲ. ಮೆಲುಕು ಹಾಕುವುದನ್ನೇ ಬಿಟ್ಟ ಎತ್ತಿಗೆ, ಕುರಿ ಕಡಿಯುವಲ್ಲಿಂದ ದೊಡ್ಡ ಹೊಟ್ಟೆಯ ರಸ ತಂದು, ಬಿಸಿ ಆರುವುದರೊಳಗೆ ಬಟ್ಟೆಯಲ್ಲಿ ಸೋಸಿ, ನಳಿಗೆಯಿಂದ ಕುಡಿಸುತ್ತಿದ್ದೆವು. ನಾತ ಹೇಳತೀರದು. ಮರುದಿನ ಎತ್ತು ದವಡೆ ಆಡಿಸತೊಡಗಿದರೆ ಆ ನಾತ ಮರೆತುಹೋಗುತ್ತಿತ್ತು. ಈಗ ಆರೋಗ್ಯವಂತ ನಾಯಿಯ ಮಲವನ್ನೇ ಸಂಸ್ಕರಿಸಿ ರೋಗಿ ನಾಯಿಯ ಕರುಳಿಗೆ ಸೇರಿಸುವ ಚಿಕಿತ್ಸೆಯೂ ಬಂದಿದೆ. ನಿನ್ನ ಪುಡಿ ಅದೇ ವಿದ್ಯೆಯ ನಾತವಿಲ್ಲದ ರೂಪ.

ಇದಕ್ಕೆ ಶಾಸ್ತ್ರದ ಗೌರವ ತಂದವನು ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ, 1908ರ ನೊಬೆಲ್ ಬಹುಮಾನ ಹಂಚಿಕೊಂಡವನು. ಹುಳಿ ಹಾಲಿನ ಬ್ಯಾಕ್ಟೀರಿಯಾ ಆಯುಷ್ಯ ಹೆಚ್ಚಿಸುತ್ತದೆ ಎಂದು ನಂಬಿ ತಾನೂ ದಿನಾ ಅದನ್ನೇ ಕುಡಿದ. 1920ರ ದಶಕದಲ್ಲಿ ಇಂಡೋಚೈನಾದಲ್ಲಿದ್ದ ಫ್ರೆಂಚ್ ವಿಜ್ಞಾನಿ ಆನ್ರಿ ಬೌಲಾರ್ ಇನ್ನೊಂದು ಕಂಡ. ಕಾಲರಾ ಹಬ್ಬಿದಾಗ ಅಲ್ಲಿಯ ಜನ ಲಿಚಿ, ಮ್ಯಾಂಗೊಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿದು ಭೇದಿ ತಡೆಯುತ್ತಿದ್ದರು. ಆ ಸಿಪ್ಪೆಯಿಂದ ಅವನು ಬೇರ್ಪಡಿಸಿದ ಯೀಸ್ಟಿಗೆ ಅವನ ಹೆಸರೇ ನಿಂತಿತು: ಸ್ಯಾಕರೋಮೈಸಿಸ್ ಬೌಲಾರ್ಡಿ. ನಿನ್ನ ಡಬ್ಬಿಯ ಫೋಟೋದಲ್ಲಿ ಈ ಹೆಸರನ್ನು ಓದಿದೆ. ಪಕ್ಕದಲ್ಲಿರುವ ಎಂಟರೊಕಾಕಸ್ ಫೀಸಿಯಂ ಒಂದು ಬ್ಯಾಕ್ಟೀರಿಯಾ. ನಾಯಿಗಳ ಮೇಲೆ ಹೆಚ್ಚು ಪರೀಕ್ಷೆಯಾದವುಗಳಲ್ಲಿ ಅದೂ ಒಂದು.

ಎಷ್ಟು ಉಪಯೋಗ ಎಂದು ಕೇಳಿದರೆ, ಇದೆ, ಆದರೆ ಮಿತಿಯಲ್ಲಿ. ನಾರ್ವೆಯಲ್ಲಿ ದಿಢೀರ್ ಭೇದಿಯಾದ 36 ನಾಯಿಗಳ ಮೇಲೆ ನಡೆದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಪ್ರೋಬಯಾಟಿಕ್ ಕೊಟ್ಟವಕ್ಕೆ ಸರಾಸರಿ 1.3 ದಿನದಲ್ಲಿ, ಕೊಡದವಕ್ಕೆ 2.2 ದಿನದಲ್ಲಿ ಭೇದಿ ನಿಂತಿತು. ಸುಮಾರು ಒಂದು ದಿನ ಮೊದಲು ನಿಂತಿತು ಎಂದಾಯಿತು. ಕೊಡದವಕ್ಕೂ ನಿಂತಿತು ಎಂಬುದನ್ನೂ ಓದಿಕೋ. 2019ರಲ್ಲಿ ಡೆನ್ಮಾರ್ಕಿನವರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಪರಿಣಾಮ ಸಣ್ಣದು ಎಂದೇ ಬರೆದರು. ಡಬ್ಬಿಯ ಮೇಲೆ ಬರೆದಂತೆ ರೋಗನಿರೋಧಕ ಶಕ್ತಿ, ಹೊಳೆಯುವ ಕೂದಲು, ಖುಷಿಯಾದ ಮನಸ್ಸು, ಇವೆಲ್ಲ ಮಾರುವವರ ಉತ್ಸಾಹ.

ದಿನಾ ಬೇಡ ಎಂದದ್ದಕ್ಕೆ ಇನ್ನೊಂದು ಕಾರಣ. ಈ ಜೀವಿಗಳು ಕರುಳಿನಲ್ಲಿ ಮನೆ ಕಟ್ಟಿಕೊಂಡು ಉಳಿಯುವುದಿಲ್ಲ. ಧನಗರರು ನಮ್ಮ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ತರುಬಿ, ಗೊಬ್ಬರ ಬಿಟ್ಟು ಮುಂದಿನ ಊರಿಗೆ ಹೋದಂತೆ, ಇವೂ ಇದ್ದಷ್ಟು ದಿನ ಕೆಲಸ ಮಾಡಿ, ಪುಡಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತವೆ. ಆಮೇಲೆ ಕರುಳು ನಡೆಯಬೇಕಾದದ್ದು ದಿನದ ಊಟದ ಮೇಲೆ. ಡಾಕ್ಟರರು ಆಂಟಿಬಯಾಟಿಕ್ ಬರೆದಾಗ ಮಾತ್ರ ಡಬ್ಬಿ ಮತ್ತೆ ತೆಗೆ. ನಾಯಿಗಳ ಭೇದಿಗೆ ಹಿಂದೆಮುಂದೆ ನೋಡದೆ ಕೊಡುವ ಮೆಟ್ರೊನಿಡಜೋಲ್ ಕರುಳಿನ ಒಳ್ಳೆಯ ಜೀವಿಗಳನ್ನೂ ಬಡಿದುಹಾಕುತ್ತದೆ, ಅವು ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು. ಬ್ಯಾಕ್ಟೀರಿಯಾ ಇರುವ ಪುಡಿಯನ್ನು ಆಂಟಿಬಯಾಟಿಕ್ ಗುಳಿಗೆಗಿಂತ ಎರಡು ತಾಸು ಅಂತರ ಬಿಟ್ಟು ಹಾಕಬೇಕು. ಯೀಸ್ಟಿಗೆ ಆ ಗುಳಿಗೆಯಿಂದ ಬಾಧೆಯಿಲ್ಲ.

ಡಬ್ಬಿ ಕೊಳ್ಳುವಾಗ ಜೀವಿಯ ಪೂರ್ತಿ ಹೆಸರು, ಒಂದು ಚಮಚದಲ್ಲಿ ಎಷ್ಟು ಕೋಟಿ ಜೀವಂತ ಇವೆ, ಅದು ತಯಾರಾದ ದಿನದ ಲೆಕ್ಕವೋ ಮುಗಿಯುವ ದಿನದ ಲೆಕ್ಕವೋ ಎಂದು ನೋಡು. ಹತ್ತು ಕೋಟಿಯಿಂದ ನೂರು ಕೋಟಿಯ ನಡುವೆ ಇದ್ದರೆ ಸರಿ. ಹೆಸರಿಲ್ಲದೆ ಬರೀ ಪ್ರೋಬಯಾಟಿಕ್ ಎಂದು ಬರೆದದ್ದನ್ನು ಕೊಳ್ಳಬೇಡ. ಸತ್ತ ಬ್ಯಾಕ್ಟೀರಿಯಾಕ್ಕೆ ರೊಕ್ಕ ಕೊಡುವುದು ಬೇಡ, ಅದಕ್ಕೇ ಹೇಳಿದೆ. ನೀನು ಒಂದು ಡಬ್ಬಿ ನಮಗೂ ಪಾರ್ಸೆಲ್ ಕಳಿಸುತ್ತೇನೆ ಎಂದಿ. ಕಳಿಸಬೇಡ. ಮೇ ತಿಂಗಳಲ್ಲಿ ನಮ್ಮ ಜತ್ತ ತಾಲೂಕಿನ ಬಿಸಿಲು ಗೊತ್ತಲ್ಲ, ತಗಡಿನ ಗೋದಾಮಿನಲ್ಲಿ ಎರಡು ದಿನ ಬಿದ್ದರೆ ಒಳಗಿನವು ಬಹಳಷ್ಟು ಸತ್ತಿರುತ್ತವೆ. ನೀನೂ ಬಿಸಿ ನುಚ್ಚಿನಲ್ಲಿ ಕಲೆಸಬೇಡ. ನುಚ್ಚು ಆರಲಿ, ಬೆರಳು ಹಾಕಿದರೆ ಬಿಸಿ ತಾಗಬಾರದು, ಆಮೇಲೆ ಮೇಲೆ ಉದುರಿಸು.

ನಿನ್ನ ಆಯಿ ಪಕ್ಕದಲ್ಲೇ ಕೂತು, "ಪುಡಿ ಯಾಕ ಬೇಕು, ಮನ್ಯಾಗ ಮಜ್ಜಿಗಿ ಇಲ್ಲೇನು?" ಎನ್ನುತ್ತಿದ್ದಾಳೆ. ಅರ್ಧ ಸರಿ. ಮನೆಯ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇವೆ, ಹಾಲಿನಲ್ಲಿದ್ದ ಲ್ಯಾಕ್ಟೋಸ್ ಸಕ್ಕರೆಯೂ ಕಡಿಮೆಯಾಗಿರುತ್ತದೆ. ಬೆಳೆದ ನಾಯಿಗಳಿಗೆ ಹಾಲು ಅರಗದಿರುವುದು ಆ ಸಕ್ಕರೆಯಿಂದ. ಆದರೆ ಇಂದಿನ ಹೆಪ್ಪಿನಲ್ಲಿ ಏನಿದೆ, ಎಷ್ಟಿದೆ ಎಂದು ಹೇಳಲು ಬರುವುದಿಲ್ಲ, ಮೋತ್ಯಾನ ಜಠರದ ಆಮ್ಲದಲ್ಲಿ ಎಷ್ಟು ಉಳಿಯುತ್ತವೆ ಎಂಬುದೂ ಗೊತ್ತಾಗದು. ಔಷಧ ಎಂದು ಕೊಡಬೇಡ, ಊಟ ಎಂದು ಕೊಡು. ಹೊಟ್ಟೆ ನೆಟ್ಟಗಿದ್ದಾಗ ಎರಡು ಚಮಚ ತಿಳಿ ಮಜ್ಜಿಗೆ, ಉಪ್ಪಿಲ್ಲದೆ, ಬೆಳ್ಳುಳ್ಳಿಯ ಒಗ್ಗರಣೆಯಂತೂ ಇಲ್ಲದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ.

ಪುಡಿಗಿಂತ ಹೆಚ್ಚಾಗಿ ನಾನು ಹೇಳಬೇಕಾದದ್ದು ಹುಳದ ವಿಷಯ. ನಮ್ಮ ಕಡೆ ನಾಯಿಗಳ ಹೊಟ್ಟೆ ಕೆಡುವುದಕ್ಕೆ ಎಷ್ಟೋ ಸಲ ಕಾರಣ ಅದೇ. ಮೋತ್ಯಾನ ಮೇಲ್ದುಟಿ ಎತ್ತಿ ವಸಡು ನೋಡು. ಗುಲಾಬಿ ಬಣ್ಣವಿದ್ದರೆ ಸರಿ. ಸುಣ್ಣದ ಹಾಗೆ ಬಿಳಿಚಿದ್ದರೆ ಕೊಕ್ಕೆಹುಳು ರಕ್ತ ಹೀರುತ್ತಿರಬಹುದು. ಅದಕ್ಕೆ ಯಾವ ಪುಡಿಯೂ ಸಾಲದು, ಜಂತಿನ ಔಷಧವೇ ಬೇಕು. ನಿಂಬೆಹಣ್ಣಿನಷ್ಟು ತಾಜಾ ಮಲವನ್ನು ಡಬ್ಬಿಯಲ್ಲಿ ಹಾಕಿ ದವಾಖಾನೆಗೆ ಒಯ್ದರೆ, ಸೂಕ್ಷ್ಮದರ್ಶಕದಲ್ಲಿ ತತ್ತಿ ನೋಡಿ ಯಾವ ಹುಳವೆಂದು ಹೇಳುತ್ತಾರೆ. ಪುಡಿಯ ಡಬ್ಬಿಗೆ ಕೊಟ್ಟ ರೊಕ್ಕದಲ್ಲಿ ಈ ತಪಾಸಣೆ ಆಗಿಹೋಗುತ್ತಿತ್ತು.

ಇನ್ನೊಂದು ಹುಳವಿದೆ, ಅದು ನಾಯಿಗಿಂತ ನಮಗೆ ಅಪಾಯ. ಮಾಡಗ್ಯಾಳ ಕುರಿಗೆ ಹೆಸರಾದ ತಾಲೂಕು ನಮ್ಮದು. ಆ ಎತ್ತರದ ಕಾಲು, ಬಾಗಿದ ಮೂಗಿನ ಕುರಿಯನ್ನು ನೋಡಲೆಂದೇ ಪರ ಊರಿನವರು ಬರುತ್ತಾರೆ. ಕುರಿ ಕಡಿದಲ್ಲಿ ಯಕೃತ್ತು, ಪುಪ್ಪುಸದಲ್ಲಿ ನೀರು ತುಂಬಿದ ಗುಳ್ಳೆ ಕಂಡರೆ ಅದನ್ನು ಕತ್ತರಿಸಿ ನಾಯಿಗೆ ಎಸೆಯುವ ರೂಢಿ. ಆ ಗುಳ್ಳೆಯೊಳಗೆ ಒಂದು ಸಣ್ಣ ಲಾಡಿಹುಳದ ಮರಿಗಳಿರುತ್ತವೆ. ನಾಯಿಯ ಕರುಳಿನಲ್ಲಿ ಅವು ಕೆಲವೇ ಮಿಲಿಮೀಟರ್ ಉದ್ದ ಬೆಳೆದು, ನಾಯಿಗೆ ಯಾವ ತೊಂದರೆಯನ್ನೂ ತೋರಿಸದೆ ತತ್ತಿ ಹಾಕುತ್ತವೆ. ತತ್ತಿ ನಾಯಿಯ ಮೈಗೆ, ಅಲ್ಲಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ. ವರ್ಷಗಟ್ಟಲೆ ಆದ ಮೇಲೆ ಮನುಷ್ಯನ ಯಕೃತ್ತಿನಲ್ಲಿ ಅದೇ ಗುಳ್ಳೆ ಏಳುತ್ತದೆ. ಆಪರೇಷನ್ ಮಾಡಿ ತೆಗೆಯಬೇಕಾದೀತು. ಮೋತ್ಯಾನನ್ನು ರಜೆಗೆ ಊರಿಗೆ ಕರೆತಂದಾಗ ಕಡಿಯುವ ಜಾಗದ ಹತ್ತಿರ ಬಿಡಬೇಡ. ಒಳಾಂಗ ಹಾಕುವುದಿದ್ದರೆ ಅರ್ಧ ತಾಸು ಕುದಿಸಿಯೇ ಹಾಕು. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಔಷಧ ಇರುತ್ತದೆ, ಎಷ್ಟು ದಿನಕ್ಕೊಮ್ಮೆ ಎಂದು ನಿನ್ನ ಡಾಕ್ಟರರನ್ನು ಕೇಳು.

ಮೋತ್ಯಾ ಇನ್ನೂ ಆರು ತಿಂಗಳು ದಾಟಿಲ್ಲ. ಆದ್ದರಿಂದ ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ವಾಂತಿ, ರಕ್ತ ಬೆರೆತ ಗಬ್ಬು ನಾತದ ಭೇದಿ, ಊಟ ಬಿಟ್ಟು ಮೂಲೆ ಹಿಡಿದು ಮಲಗುವುದು, ಇವು ಕಂಡರೆ ಪಾರ್ವೋ ಎಂಬ ವೈರಸ್ ರೋಗ ಇರಬಹುದು. ಪುಡಿ, ಮಜ್ಜಿಗೆ, ಮುತ್ಯಾನ ಸಲಹೆ ಎಲ್ಲ ಬಿಟ್ಟು ಅದೇ ತಾಸಿನಲ್ಲಿ ದವಾಖಾನೆಗೆ ಓಡು. ಸಲೈನ್ ಹಚ್ಚಿದರೆ ಬದುಕುವ ಸಾಧ್ಯತೆ ಹೆಚ್ಚು, ಬೆಳಗಾಗಲಿ ಎಂದು ಕಾದರೆ ಕಷ್ಟ. ಲಸಿಕೆಯ ಕಾರ್ಡು ತೆಗೆದು ನೋಡು: ಆರರಿಂದ ಎಂಟು ವಾರಕ್ಕೆ ಶುರುವಾಗಿ ಹದಿನಾರು ವಾರದವರೆಗೆ ಸರಣಿ ಮುಗಿದಿರಬೇಕು. ಮನುಷ್ಯರ ಭೇದಿ ನಿಲ್ಲಿಸುವ ಗುಳಿಗೆಯನ್ನೂ ನೋವಿನ ಗುಳಿಗೆಯನ್ನೂ ಕೊಡಬೇಡ. ಮನುಷ್ಯರಿಗೆ ಮಾಡಿದ ಪ್ರೋಬಯಾಟಿಕ್ ಪುಡಿಯಲ್ಲಿ ರುಚಿಗೆ ಜೈಲಿಟಾಲ್ ಹಾಕಿದ್ದರೆ ಅದು ನಾಯಿಗೆ ವಿಷ, ರಕ್ತದ ಸಕ್ಕರೆ ದಿಢೀರ್ ಇಳಿಸುತ್ತದೆ.

ದ್ರಾಕ್ಷಿಯ ನಾಡಿನ ಮಗಳು ನೀನು, ಇದೂ ಗೊತ್ತಿರಲಿ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವೆಂದು ಈಗ ನಂಬುತ್ತಾರೆ, ಆ ಆಮ್ಲ ಹುಣಸೆಹಣ್ಣಿನಲ್ಲೂ ಇದೆ. ತಾಸಗಾಂವದಿಂದ ನಿನ್ನ ಮಾಮ ತಂದುಕೊಟ್ಟ ಬೇದಾಣಿಯ ಚೀಲ ಮೋತ್ಯಾನಿಗೆ ಎಟಕುವ ಕಪಾಟಿನಲ್ಲಿದೆ ಎಂದು ನೀನೇ ಹೇಳಿದ ನೆನಪು. ಮೇಲಕ್ಕೆ ಇಡು.

ಕೊನೆಗೆ, ಪಕ್ಕದ ಮನೆಯವರು ನಾಯಿ ಸೊರಗಿದೆ, ಎಲುಬು ಕಾಣುತ್ತವೆ ಎಂದು ಆಡಿಕೊಳ್ಳುತ್ತಾರೆ ಎಂದಿ. ಆಡಿಕೊಳ್ಳಲಿ. ಮೋತ್ಯಾ ಕಾರವಾನಿ ಜಾತಿ, ಮುಧೋಳದವರು ಮುಧೋಳ ನಾಯಿ ಎನ್ನುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಜಾತಿ ಅದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದವರು ಅದಕ್ಕೆಂದೇ ಸಂಶೋಧನಾ ಕೇಂದ್ರ ನಡೆಸುತ್ತಾರೆ, ಅಲ್ಲಿಂದ ಮರಿಗಳು ಸೈನ್ಯಕ್ಕೂ ಹೋಗಿವೆ. ಓಡುವ ನಾಯಿಗೆ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣಬೇಕು, ಹೊಟ್ಟೆ ಒಳಕ್ಕೆ ಇರಬೇಕು. ದಪ್ಪ ಮಾಡಲು ಹೋಗಿ ತುಪ್ಪ, ಬಿಸ್ಕೀಟು ತುರುಕಿದರೆ ಮತ್ತೆ ಜುಲಾಬು, ಮತ್ತೆ ಪುಡಿ.

ಈಗ ಮಾಡಬೇಕಾದದ್ದು: ಪುಡಿ ವಾರದ ಮಟ್ಟಿಗೆ, ಊಟ ಆರಿದ ನುಚ್ಚು ಮತ್ತು ಬೇಯಿಸಿದ ಕೋಳಿ, ನೀರು ಬೇಕಾದಷ್ಟು, ನಾಳೆಯೇ ಮಲದ ತಪಾಸಣೆ. ವರದಿ ಬಂದ ದಿನ ಅದರ ಫೋಟೋ ನನಗೆ ಕಳಿಸು, ಯಾವ ಹುಳದ ತತ್ತಿ ಎಂದು ಬರೆದಿದ್ದರೆ ನಾನೂ ಓದುತ್ತೇನೆ.

ನಿನ್ನ
ಮುತ್ಯಾ